ಯಜಮಾನರಿಲ್ಲದ ನೀರು

೧೯೩೮ನೇ ಇಸವಿ ಏಪ್ರಿಲ್ ಹದಿನೇಳು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮಧುಗಿರಿಯ ಪೇಟೆಬೀದಿಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಶಂಕರಲಿಂಗಪ್ಪನ ಅಡುಗೆಮನೆಯಲ್ಲಿ ಅವನ ತಂಗಿ ಸಿದ್ದಗಂಗಮ್ಮ ಹುರಿಹಿಟ್ಟಿಗೆಂದು ರಾಗಿ ಹುರಿಯುತ್ತಿದ್ದಳು. ಬಾಣಲೆಯಲ್ಲಿ ಕಾಳು ಚಟಪಟನೆ ಅರಳುತ್ತಿತ್ತು. ಆ ಸದ್ದಿನ ನಡುವೆಯೂ ಜಗಲಿಯ ಮಾತು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಜಗಲಿಯ ಮೇಲೆ ಮಠದ ಅಯ್ಯನವರು ಮರುಳಸಿದ್ದಯ್ಯ ಪಂಚಾಂಗ ಬಿಡಿಸಿಕೊಂಡು ಕೂತಿದ್ದರು. ಗೋಕರ್ಣಕ್ಕೆ ಹೊರಡಲು ಒಳ್ಳೆಯ ದಿನ ನೋಡಬೇಕಿತ್ತು.

"ಒಟ್ಟು ಹನ್ನೊಂದು ಜನ, ಅಯ್ನೋರೇ," ಎಂದ ಶಂಕರಲಿಂಗಪ್ಪ. "ಅಡುಗೆಗೆ ಬೇರೆಯವರನ್ನ ಕರಕೊಂಡು ಹೋಗೋ ತಾಪತ್ರಯ ಇಲ್ಲ. ಒಲೆ ನಮ್ಮ ಗಂಗಂದು. ಸ್ಕೂಲಿಗೆ ರಜ ಬಂತಲ್ಲ, ಮನೇಲಿ ಕೂತು ಏನು ಮಾಡ್ತಾಳೆ."

ಸಿದ್ದಗಂಗಮ್ಮ ಬಾಣಲೆ ಕೆಳಗಿಳಿಸಿದಳು. ಉರಿಯುತ್ತಿದ್ದ ಎರಡು ಕೊಳ್ಳಿ ಹಿಂದಕ್ಕೆ ಎಳೆದು ನೀರು ಚಿಮುಕಿಸಿದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಡುಮನೆ ದಾಟಿ ಬಾಗಿಲ ಹತ್ತಿರ ಬಂದು ನಿಂತಳು.

"ಅಣ್ಣ, ನಿನ್ನ ಲೆಕ್ಕ ತಪ್ಪಿದೆ. ಗೋಕರ್ಣಕ್ಕೆ ಹತ್ತೇ ಜನ. ನಾನು ಮದ್ರಾಸಿಗೆ ಹೋಗ್ತೀನಿ."

ಶಂಕರಲಿಂಗಪ್ಪ ಎಲೆಯಡಿಕೆ ಮಡಿಸುತ್ತಿದ್ದವನು ಹಾಗೇ ನಿಂತ. "ಮದ್ರಾಸಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಏನಿದೆ ಅಲ್ಲಿ?"

"ಸಮುದ್ರ ಇದೆ."

"ಗೋಕರ್ಣದಲ್ಲೂ ಇದೆ."

"ಇದೆ. ಅದರ ಪಕ್ಕದಲ್ಲಿ ನಿಮ್ಮ ಒಲೆನೂ ಇದೆ."

ಅಯ್ಯನವರು ಪಂಚಾಂಗದಿಂದ ತಲೆ ಎತ್ತಲಿಲ್ಲ. ಆದರೆ ಅವರ ಬೆರಳು ಇದ್ದ ಸಾಲಿನಲ್ಲೇ ನಿಂತುಬಿಟ್ಟಿತು.

ಸಿದ್ದಗಂಗಮ್ಮನಿಗೆ ಆಗ ನಲವತ್ತೊಂದು ವರ್ಷ. ಹದಿಮೂರಕ್ಕೆ ಸಿರಾದ ಒಂದು ಮನೆಗೆ ಸೊಸೆಯಾಗಿ ಹೋದವಳು, ಹತ್ತೊಂಬತ್ತಕ್ಕೆ ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ವಾಪಸಾದಳು. ಅಣ್ಣ ಕೆಟ್ಟವನಲ್ಲ. ತಂಗಿ ಓದುತ್ತೇನೆಂದಾಗ ಓದಿಸಿದ, ಟ್ರೈನಿಂಗಿಗೆ ಕಳಿಸಿದ, ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಾಗ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದ. ಅಷ್ಟೆಲ್ಲ ಮಾಡಿದ ಮೇಲೆ, ಶಾಲೆಗೆ ರಜ ಬಂದರೆ ತಂಗಿಯೂ ಮನೆಯ ಸಾಮಾನಿನ ಜೊತೆ ಹೊರಡಬೇಕಾದವಳು ಎಂದು ಅವನು ನಂಬಿದ್ದ. ಒಂದು ಬೇಸಿಗೆ ಕೊರಟಗೆರೆಯಲ್ಲಿ ಅತ್ತಿಗೆಯ ತವರಿನ ಮದುವೆಯ ಅಡುಗೆ. ಇನ್ನೊಂದು ಬೇಸಿಗೆ ಯಾರದೋ ಬಾಣಂತನ. ಶ್ರೀಶೈಲಕ್ಕೆ ಹೋದಾಗಲೂ ಹಾಗೆಯೇ. ಎಲ್ಲರೂ ದರ್ಶನ ಮುಗಿಸಿ ಬರುವುದಕ್ಕೂ ಅನ್ನ ಬಸಿಯುವುದಕ್ಕೂ ಸರಿಹೋಗಬೇಕಿತ್ತು. ತಿರುಗಿ ಹೊರಡುವ ಹೊತ್ತಿಗೆ ಗಾಡಿ ಕಾಯುತ್ತಿತ್ತು. ಶ್ರೀಶೈಲದಲ್ಲಿ ಏನು ನೋಡಿದಿರಿ ಎಂದು ಶಾಲೆಯಲ್ಲಿ ಮಕ್ಕಳು ಕೇಳಿದ್ದಕ್ಕೆ ಅವಳು, "ಮೂರು ಒಲೆಗುಂಡು" ಎಂದಿದ್ದಳು. ಮಕ್ಕಳು ಅದು ಯಾವುದೋ ಬೆಟ್ಟದ ಹೆಸರೆಂದುಕೊಂಡು ಸುಮ್ಮನಾದರು.

ಸಮುದ್ರದ ಆಸೆ ಹುಟ್ಟಿದ್ದು ಶಾಲೆಯಲ್ಲೇ. ನಾಲ್ಕನೆಯ ತರಗತಿಯ ಗೋಡೆಗೆ ಇಂಡಿಯಾದ ಒಂದು ನಕ್ಷೆ ತೂಗುಹಾಕಿತ್ತು. ಎರಡು ಕಡೆಯ ನೀಲಿಯೂ ಮಾಸಿ ಬೂದುಬಣ್ಣವಾಗಿತ್ತು. ಹದಿನಾರು ವರ್ಷದಿಂದ ಸಿದ್ದಗಂಗಮ್ಮ ಆ ಬೂದಿಯ ಮೇಲೆ ಕೋಲು ಇಟ್ಟು, "ಇದು ಸಮುದ್ರ, ಇದರ ನೀರು ಉಪ್ಪು" ಎಂದು ಹೇಳುತ್ತ ಬಂದಿದ್ದಳು. ತಾನು ನೋಡದ್ದನ್ನು ಹೇಳುವಾಗ ಅವಳ ದನಿ ಒಂದು ಎಳೆ ಗಟ್ಟಿಯಾಗುತ್ತಿತ್ತು. ಅದು ಅವಳಿಗೇ ತಿಳಿಯುತ್ತಿತ್ತು, ಅದಕ್ಕೇ ಇಷ್ಟವಾಗುತ್ತಿರಲಿಲ್ಲ.

ಶಾಲೆಯ ಆಯಾ ಹೊನ್ನಕ್ಕ. ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆದುಕೊಂಡು ಬರುವುದು, ಗಂಟೆ ಹೊಡೆಯುವುದು, ಕುಡಿಯುವ ನೀರು ತುಂಬಿಸುವುದು ಅವಳ ಕೆಲಸ. ಪಾವಗಡ ತಾಲ್ಲೂಕಿನ ವಳ್ಳೂರಿನ ಕುರುಬರ ಹೆಣ್ಣು. ಅರ್ಧ ಕನ್ನಡ, ಅರ್ಧ ತೆಲುಗು. ಗಂಡ ವರ್ಷದ ಬಹುಪಾಲು ಕುರಿಮಂದೆಯ ಹಿಂದೆ ಇರುತ್ತಿದ್ದ. ಒಂದು ದಿನ ಸಮುದ್ರದ ಪಾಠ ನಡೆಯುವಾಗ ಹೊನ್ನಕ್ಕ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮೇಷ್ಟ್ರಮ್ಮ, ಒಂದು ಮಾತು. ಎಲ್ಲಾ ಒಳೆನೂ ಓಗಿ ಅಲ್ಲೇ ಬೀಳ್ತವೆ ಅಂದ್ರಿ. ಅಂಗಾದ್ರೆ ಅದು ಕೋಡಿ ಬೀಳೋದು ಎಲ್ಲಿಗೆ?"

ಮಕ್ಕಳೆಲ್ಲ ಸಿದ್ದಗಂಗಮ್ಮನ ಕಡೆ ತಿರುಗಿದರು. ಅವರ ಮಟ್ಟಿಗೆ ಅದು ಸರಿಯಾದ ಪ್ರಶ್ನೆ. ಆ ಸೀಮೆಯಲ್ಲಿ ನೀರು ಎಂದರೆ ಕೆರೆ. ಕೆರೆಗೆ ಒಂದು ಏರಿ, ಒಂದು ತೂಬು, ತುಂಬಿ ಹೆಚ್ಚಾದ ನೀರು ಹೊರಗೆ ಹರಿಯಲು ಒಂದು ಕೋಡಿ. ಕೋಡಿ ಬಿದ್ದ ವರ್ಷ ಊರಿಗೆ ಊರೇ ಕೆರೆಯ ಹತ್ತಿರ ಹೋಗುತ್ತದೆ. ಮುತ್ತೈದೆಯರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆಯ ಕಣ, ಬೇಳೆ, ಬೆಲ್ಲ ಇಟ್ಟು, ಮೇಲೊಂದು ಮೊರ ಮುಚ್ಚಿ, ನೀರಿನ ದೇವತೆ ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ಊರ ಕೆರೆ ಆರು ವರ್ಷದಿಂದ ಕೋಡಿ ಬಿದ್ದಿರಲಿಲ್ಲ. ಬಿದ್ದಾಗಲೂ ಸಿದ್ದಗಂಗಮ್ಮ ಏರಿಯ ಮೇಲೆ ಅತ್ತಿಗೆಯ ಚಪ್ಪಲಿ ಕಾಯುತ್ತ ನಿಂತಿದ್ದವಳು. ಗಂಡ ಸತ್ತವಳ ಕೈಯ ಬಾಗಿನವನ್ನು ಗಂಗಮ್ಮ ಮುಟ್ಟುವುದಿಲ್ಲ ಎಂದು ಊರಿನ ನಂಬಿಕೆ.

"ಸಮುದ್ರಕ್ಕೆ ಕೋಡಿ ಇಲ್ಲ, ಹೊನ್ನಕ್ಕ," ಎಂದಳು.

"ನೀವು ನೋಡೀರಾ?"

"ಇಲ್ಲ."

"ನೋಡ್ದೆ ಎಂಗೆ ಏಳ್ತೀರಿ ಮತ್ತೆ," ಎಂದು ಹೊನ್ನಕ್ಕ ಗುಡಿಸುವುದಕ್ಕೆ ಹೋದಳು. ಅವಳಿಗೆ ಜಗಳವಾಡುವ ಉದ್ದೇಶ ಇರಲಿಲ್ಲ. ಸಿದ್ದಗಂಗಮ್ಮ ಮಾತ್ರ ಆ ದಿನ ಮಧ್ಯಾಹ್ನದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟಳು.

ಗೋಕರ್ಣವನ್ನು ಅವಳು ವಿಚಾರ ಮಾಡದೆ ತಳ್ಳಿಹಾಕಿದ್ದಲ್ಲ. ಶಾಲೆಯ ಪಕ್ಕದ ಮನೆಯಲ್ಲಿ ತಿಮ್ಮರಾಯಪ್ಪ ಎಂಬ ಮುದುಕನಿದ್ದ. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ಪೆನ್ಷನ್ ತೆಗೆದುಕೊಂಡವನು. ಎರಡು ಸಮುದ್ರವನ್ನೂ ಕಂಡವನು ಆ ಬೀದಿಯಲ್ಲಿ ಅವನೊಬ್ಬನೇ. ರಜ ಹತ್ತಿರವಾದಾಗ ಅವಳು ಅವನ ಜಗಲಿಯ ಮುಂದೆ ನಿಂತು ವಿಚಾರಿಸಿದ್ದಳು.

"ಗೋಕರ್ಣ ಚೆಂದ ಕಣಮ್ಮ," ಎಂದಿದ್ದ ಅವನು. "ಸಣ್ಣ ಊರು. ಬೆಟ್ಟ, ತೆಂಗು, ಅಚ್ಚುಕಟ್ಟು ಮರಳು. ದಾರೀಲಿ ಎರಡು ಮೂರು ಹೊಳೆ, ದೋಣೀಲಿ ದಾಟಬೇಕು. ಸಂಜೆ ಸೂರ್ಯ ಬಂದು ನೀರಿಗೆ ಮುಳುಗ್ತಾನೆ, ನಿಮ್ಮಣ್ಣ ಮಂಡಿ ಮುಚ್ಚಿ ಮನೆಗೆ ಬಂದಂಗೆ."

"ಮದ್ರಾಸು?"

"ಅದು ಊರಲ್ಲ, ಸಂತೆ. ಟ್ರಾಂ ಗಾಡಿ, ಹಡಗು, ಹೊಗೆ, ಮೀನಿನ ವಾಸನೆ. ಒಳ್ಳೆ ನೀರು ಸಿಗಲ್ಲ, ಸೆಖೆ ಬೇರೆ. ಮರಳು ಮಾತ್ರ ನಮ್ಮ ಕೆರೆ ಅಂಗಳಕ್ಕಿಂತ ಅಗಲ. ಅಲ್ಲಿ ಸೂರ್ಯ ಮುಳುಗಲ್ಲ, ಹುಟ್ತಾನೆ."

"ನೀವಾಗಿದ್ರೆ ಯಾವುದಕ್ಕೆ ಹೋಗ್ತಿದ್ರಿ?"

ತಿಮ್ಮರಾಯಪ್ಪ ನಶ್ಯ ಏರಿಸಿದ. "ಗೋಕರ್ಣದ ಸಮುದ್ರಕ್ಕೆ ಯಜಮಾನರು ಇದಾರೆ. ಇಲ್ಲಿ ಸ್ನಾನ ಮಾಡು, ಇಲ್ಲಿ ಕೂರು, ಇವರಿಗೆ ದಕ್ಷಿಣೆ ಕೊಡು, ಆಮೇಲೆ ಆ ಕಡೆ ತಿರುಗು ಅಂತಾರೆ. ಮದ್ರಾಸಿನ ನೀರಿಗೆ ಯಜಮಾನರಿಲ್ಲ. ನಮ್ಮವ್ವನ ಬೂದಿ ಬಿಡೋಕೆ ಹೋದಾಗ ಗೋಕರ್ಣ ಚೆನ್ನಾಗಿತ್ತು. ಸುಮ್ಮನೆ ನೋಡೋಕಾದ್ರೆ ಮದ್ರಾಸೇ ಸರಿ."

ಸುಮ್ಮನೆ ನೋಡುವುದು. ಸಿದ್ದಗಂಗಮ್ಮನಿಗೆ ಆ ಮಾತು ಇಷ್ಟವಾಯಿತು. ಗೋಕರ್ಣವೇ ಚೆಂದದ ಊರು ಎಂದು ಅವಳಿಗೂ ಅನ್ನಿಸಿತ್ತು. ನಿನಗೆಲ್ಲಿಗೆ ಹೋಗಬೇಕು ಎಂದು ಅಣ್ಣ ಒಂದು ಸಲ ಕೇಳಿದ್ದರೆ ಅಲ್ಲಿಗೇ ಎನ್ನುತ್ತಿದ್ದಳೋ ಏನೋ. ಅವನು ಕೇಳಿರಲಿಲ್ಲ.

ಆ ಭಾನುವಾರದಿಂದ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅತ್ತಿಗೆ ಸರ್ವಮಂಗಳಾ ಗೋಕರ್ಣದ ಕಡಲಿಗೆ ಐದು ಜನ ಮುತ್ತೈದೆಯರಿಂದ ಬಾಗಿನ ಬಿಡಿಸುತ್ತೇನೆಂದು ಹರಕೆ ಹೊತ್ತಿದ್ದಳು. ಊರ ಕೆರೆ ತುಂಬಲಿ ಎಂದು. ಮೊರಗಳನ್ನು ಆಗಲೇ ತರಿಸಿ ಅರಿಶಿನ ಬಳಿದು ಒಣಗಿಸಿದ್ದಳು. ಆ ಹತ್ತು ಮೊರ ಹೊತ್ತುಕೊಂಡು ಬರುವುದೂ ಸಿದ್ದಗಂಗಮ್ಮನ ಪಾಲಿಗೆ ಬಂದಿತ್ತು.

"ಮೇಷ್ಟ್ರಮ್ಮ ಆದ ಮೇಲೆ ಒಲೆ ಕಣ್ಣಿಗೆ ಕಾಣಲ್ಲ, ಅಲ್ವಾ ಗಂಗಮ್ಮ?" ಎಂದಳು ಅತ್ತಿಗೆ, ಒರಳಿನ ಹತ್ತಿರ.

"ಚೆನ್ನಾಗಿ ಕಾಣುತ್ತೆ ಅತ್ತಿಗೆ. ಅದೊಂದೇ ಕಾಣ್ತಾ ಇರೋದರಿಂದಲೇ ಬೇರೆ ಏನಾದರೂ ನೋಡೋಣ ಅಂತ."

"ಕ್ಷೇತ್ರ ಬಿಟ್ಟು ಹಡಗು ನೋಡೋಕೆ ಹೋಗ್ತಾರಾ ಯಾರಾದ್ರೂ? ಜನ ಏನಂತಾರೆ?"

"ಜನ ಏನಂತಾರೆ ಅಂತ ಬಂದ ಮೇಲೆ ನೀವೇ ಹೇಳಿ. ನನಗೂ ತಿಳೀಲಿ."

ಶಂಕರಲಿಂಗಪ್ಪ ಬೇರೆ ದಾರಿ ಹಿಡಿದ. ಅವರ ಮನೆತನದಲ್ಲಿ ಎಲ್ಲರ ಕತ್ತಿನಲ್ಲೂ ಶಿವದಾರ, ದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ದೀಕ್ಷೆಯ ದಿನ ಕೈಗೆ ಬಂದ ಲಿಂಗ ಸಾಯುವ ತನಕ ಮೈ ಬಿಟ್ಟು ಹೋಗಬಾರದು. ಲಿಂಗ ಕಳೆದುಕೊಂಡವರು ಬದುಕಬಾರದು ಎನ್ನುವಷ್ಟು ಕಟ್ಟುನಿಟ್ಟು ಹಿರಿಯರದು.

"ಮದ್ರಾಸಿನ ಅಲೆ ಲಿಂಗ ಕಿತ್ಕೊಂಡು ಹೋದರೆ ಏನು ಮಾಡ್ತೀಯ?" ಎಂದ.

"ಗೋಕರ್ಣದ ಅಲೆಗೆ ಕೈ ಇಲ್ವಾ?"

"ಅಲ್ಲಿ ದೇವರಿದ್ದಾನೆ, ಕಾಯ್ತಾನೆ."

"ಅಣ್ಣ, ಎಂಟು ವರ್ಷದವಳಿದ್ದಾಗ ಇದೇ ಅಯ್ನೋರು ನನ್ನ ಅಂಗೈ ಮೇಲೆ ಲಿಂಗ ಇಟ್ಟು ಏನು ಹೇಳಿದ್ರು? ಇನ್ನು ಮೇಲೆ ನೀನು ದೇವರನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ ಅಂದ್ರು. ನೀನೂ ಪಕ್ಕದಲ್ಲೇ ಕೂತಿದ್ದೆ. ಕಾಯೋನು ಕತ್ತಿನಲ್ಲೇ ಇದ್ದಾನೆ. ನಾನು ಹೋಗ್ತಿರೋದು ನೀರು ನೋಡೋಕೆ."

ಉತ್ತರ ಹೊಳೆಯದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಶಂಕರಲಿಂಗಪ್ಪನ ಕೈಗೆ ಸಿಕ್ಕಿದ್ದು ಮನೆ.

"ಸರಿ. ಮದ್ರಾಸಿನ ರೈಲಿಗೆ ಅಂತ ಗೌರಿಬಿದನೂರಿನ ಮೋಟಾರು ಹತ್ತಿದೆಯೋ, ಈ ಮನೆಯ ಪಂಕ್ತಿಯಲ್ಲಿ ನಿನಗೆ ಎಲೆ ಇಲ್ಲ. ತಿಳ್ಕೋ."

ಅವನು ಮಂಡಿಗೆ ಹೋದ ಮೇಲೆ ಸಿದ್ದಗಂಗಮ್ಮ ಹಿತ್ತಿಲಿನ ಬಾವಿಕಟ್ಟೆಯ ಮೇಲೆ ಕೂತಳು. ಬೆದರಿಕೆ ಹುಡುಗಾಟದ್ದಲ್ಲ. ಇಪ್ಪತ್ತೆರಡು ವರ್ಷ ಅವಳು ಉಂಡ ಎಲೆ ಅದು. ಸಿರಾದಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ಒಂಟಿ ಹೆಂಗಸಿಗೆ ಊರಲ್ಲಿ ಯಾರು ಮನೆ ಕೊಡುತ್ತಾರೆ? ಊರ ಬೆಟ್ಟದ ನೆರಳು ಬಾವಿಯ ತನಕ ಬಂದು, ಬಾವಿಯನ್ನು ದಾಟಿ, ದಾಳಿಂಬೆ ಗಿಡದ ಬುಡಕ್ಕೆ ಹೋಯಿತು. ಅವಳು ಎದ್ದು, ಆ ತಿಂಗಳ ಸಂಬಳವನ್ನು ಅಣ್ಣನ ಕೈಗೆ ಕೊಡಲೆಂದು ಇಟ್ಟಿದ್ದಲ್ಲಿಂದ ತೆಗೆದು ತನ್ನ ಬಟ್ಟೆಯ ಬಾಳೆಕಾಯಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹೊನ್ನಕ್ಕನ ಗುಡಿಸಲಿಗೆ ಹೋದಳು.

"ಸಮುದ್ರಕ್ಕೆ ಕೋಡಿ ಇದೆಯೋ ಇಲ್ಲವೋ ನೋಡಿಕೊಂಡು ಬರೋಣ, ಬರ್ತೀಯಾ?"

ಹೊನ್ನಕ್ಕ ಕಂಬಳಿ ಕೊಡವುತ್ತಿದ್ದಳು. "ನಿಮ್ಮಣ್ಣಾರು ಏನಂದ್ರು?"

"ಎಲೆ ಇಲ್ಲ ಅಂದ."

"ನಂದು ಮುದ್ದೆ. ಮುದ್ದೆ ತಿನ್ನೋಕೆ ತಣಿಗೆ ಸಾಕು, ಎಲೆ ಯಾಕೆ," ಎಂದಳು ಹೊನ್ನಕ್ಕ. "ಯಾವತ್ತು ಒರ್ಡಾನ?"

ಅಯ್ಯನವರು ಹುಡುಕಿಕೊಟ್ಟ ಶುಭದಿನದ ಬೆಳಿಗ್ಗೆ ಮೋಟಾರು ನಿಲ್ಲುವ ಜಾಗದಲ್ಲಿ ಎರಡು ಮೋಟಾರು ನಿಂತಿದ್ದವು. ಒಂದು ಕೊರಟಗೆರೆಯ ಮೇಲೆ ತುಮಕೂರಿಗೆ ಹೋಗುವುದು. ಗೋಕರ್ಣದವರು ಅಲ್ಲಿಂದ ಶಿವಮೊಗ್ಗದ ರೈಲು ಹಿಡಿಯಬೇಕು. ಇನ್ನೊಂದು ಗೌರಿಬಿದನೂರಿಗೆ. ಶಂಕರಲಿಂಗಪ್ಪ ಜರಿಪೇಟ ಸುತ್ತಿಕೊಂಡು ತನ್ನವರನ್ನು ಹತ್ತಿಸುತ್ತಿದ್ದ. ಸಿದ್ದಗಂಗಮ್ಮ ಹೊನ್ನಕ್ಕನ ಜೊತೆ ಬಂದದ್ದನ್ನು ನೋಡಿಯೂ ನೋಡದವನಂತೆ ಇದ್ದ. ಸರ್ವಮಂಗಳಾ ಮಾತ್ರ ನೇರವಾಗಿ ಬಂದು ಪಾತ್ರೆಗಳ ದೊಡ್ಡ ಗಂಟನ್ನು ನಾದಿನಿಯ ತೋಳಿಗೆ ಹಾಕಿದಳು.

"ಸಾಕು ಹಠ. ಇದನ್ನ ಹಿಡ್ಕೊಂಡು ಹತ್ತು. ಏನೂ ಆಗಿಲ್ಲ ಅಂದ್ಕೊಳ್ಳೋಣ."

ನಿಂತಿದ್ದವರೆಲ್ಲ ನೋಡಿದರು. ಗಂಟು ಭಾರವಾಗಿತ್ತು. ಅದರೊಳಗಿನ ಬೇಳೆ ಬೇಯಿಸುವ ಪಾತ್ರೆ ಎಲ್ಲಿ ಸೊಟ್ಟಗಾಗಿದೆ, ಯಾವ ಸೌಟಿನ ಹಿಡಿ ಸಡಿಲ ಎಂಬುದೆಲ್ಲ ಸಿದ್ದಗಂಗಮ್ಮನಿಗೆ ಬಟ್ಟೆಯ ಮೇಲಿನಿಂದಲೇ ಗೊತ್ತಾಗುತ್ತಿತ್ತು. ಅವಳು ಅದನ್ನು ತುಮಕೂರಿನ ಮೋಟಾರಿನ ತನಕ ಹೊತ್ತುಕೊಂಡು ಹೋದಳು. ಅತ್ತಿಗೆಯ ಮುಖ ಸಡಿಲವಾಯಿತು. ಸಿದ್ದಗಂಗಮ್ಮ ಗಂಟನ್ನು ಅಣ್ಣನ ಕಾಲಿನ ಹತ್ತಿರ, ಸದ್ದಾಗದ ಹಾಗೆ ಇಟ್ಟಳು.

"ಅಕ್ಕಿಗೆ ಒಂದಕ್ಕೆ ಎರಡೂವರೆ ನೀರು, ಅತ್ತಿಗೆ. ಹಳೇ ಅಕ್ಕಿ," ಎಂದು ಹೇಳಿ ತನ್ನ ಮೋಟಾರು ಹತ್ತಿದಳು.

ಮದ್ರಾಸು ತಿಮ್ಮರಾಯಪ್ಪ ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಸೆಖೆಯಲ್ಲಿ ಉಸಿರು ಒದ್ದೆಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿತ್ತು. ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಗುಮಾಸ್ತ ತಮಿಳಿನಲ್ಲಿ ಏನೋ ಕೇಳಿದ. ಇವರಿಗೆ ತಿಳಿಯದಿದ್ದಾಗ ತೆಲುಗಿಗೆ ಬಂದ. ಅಲ್ಲಿಂದಾಚೆಗೆ ಮಾತಿನ ಭಾರವೆಲ್ಲ ಹೊನ್ನಕ್ಕನದಾಯಿತು. ವಳ್ಳೂರಿನ ತೆಲುಗು ಮದ್ರಾಸಿನಲ್ಲಿ ಸಲೀಸಾಗಿ ಓಡಿತು. ಇಬ್ಬರು ಹೆಂಗಸರು, ಗಂಡಸರಿಲ್ಲ. ಒಬ್ಬರಿಗೊಬ್ಬರು ಏನಾಗಬೇಕು ಎಂದು ಅವನು ಕೇಳಿದ. ಹೊನ್ನಕ್ಕ ತಾನು ಆಯಾ ಎನ್ನುವುದಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಸಿದ್ದಗಂಗಮ್ಮ ತನಗೆ ಗೊತ್ತಿದ್ದ ಒಂದೇ ತೆಲುಗು ಮಾತನ್ನು ಆಡಿದಳು. "ಅಕ್ಕ."

ಕೋಣೆಗೆ ಹೋದ ಮೇಲೆ ಹೊನ್ನಕ್ಕ, "ಅಂಗಾದ್ರೆ ನಾನೇ ದೊಡ್ಡೋಳು. ಕಿಟಕಿ ಪಕ್ಕ ನಂಗೆ," ಎಂದು ಚಾಪೆ ಹಾಸಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಇಬ್ಬರೂ ಸಮುದ್ರದ ದಾರಿ ಹಿಡಿದರು. ಮರಳು ಮುಗಿಯುವ ಹಾಗೇ ಇರಲಿಲ್ಲ. ಮುಂದೆಲ್ಲೋ ಮೋಡ ಗುಡುಗುವಂತೆ ಸದ್ದು. ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಹೊನ್ನಕ್ಕ ಕತ್ತು ಚಾಚಿ ಏರಿಯನ್ನು ಹುಡುಕುತ್ತಿದ್ದಳು. ಇಷ್ಟು ನೀರನ್ನು ಹಿಡಿದಿಟ್ಟ ಏರಿ ಬೆಟ್ಟದಷ್ಟಾದರೂ ಇರಬೇಕೆಂದು ಅವಳ ಲೆಕ್ಕ. ಏರಿ ಕಾಣಲಿಲ್ಲ. ನಸುಬೆಳಕಿನಲ್ಲಿ ಕಂಡದ್ದು ಆಳೆತ್ತರದ ಬಿಳಿಯ ನೀರು, ನೊರೆಯುಗುಳುತ್ತ, ಉರುಳಿಕೊಂಡು, ನೇರವಾಗಿ ತಮ್ಮ ಕಡೆಗೇ ಬರುತ್ತಿತ್ತು.

ಕೆರೆಯ ಸೀಮೆಯಲ್ಲಿ ನೀರು ಹಾಗೆ ಬರುವುದು ಒಂದೇ ಸಂದರ್ಭದಲ್ಲಿ. ಹೊನ್ನಕ್ಕ ಸಿದ್ದಗಂಗಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದು ತಿರುಗಿ ಓಡತೊಡಗಿದಳು. "ಕಟ್ಟ ತೆಗಿಂದಿ, ಕಟ್ಟ ತೆಗಿಂದಿ," ಏರಿ ಒಡೆಯಿತು, ಏರಿ ಒಡೆಯಿತು ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳುತ್ತ ಓಡಿದಳು. ತನ್ನ ಜೀವಕ್ಕಿಂತ ಊರಿನ ಚಿಂತೆ ಅವಳಿಗೆ. ಕಟ್ಟುಮರದ ಪಕ್ಕ ಬಲೆ ಬಿಡಿಸುತ್ತಿದ್ದ ಬೆಸ್ತರು ತಲೆಯೆತ್ತಿದರು. ಒಬ್ಬ ಮುದುಕ ತೆಲುಗಿನವನಿದ್ದ. ಅವನಿಗೆ ವಿಷಯ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬಲೆಯ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಮ್ಮಾ, ಅದಿ ಚೆರುವು ಕಾದು. ರೋಜೂ ಅಂತೇ," ಎಂದ. ಅದು ಕೆರೆಯಲ್ಲ ತಾಯಿ, ದಿನಾ ಅದು ಹಾಗೇ.

ಹೊನ್ನಕ್ಕ ನಿಂತು ಹಿಂದಿರುಗಿ ನೋಡಿದಳು. ನೀರು ಬಂದಷ್ಟೇ ದೂರ ವಾಪಸು ಹೋಗಿತ್ತು. ಮತ್ತೆ ಬಂತು. ಮತ್ತೆ ಹೋಯಿತು.

"ಕೋಡಿ ಇಲ್ಲ, ಏರಿನೂ ಇಲ್ಲ," ಎಂದಳು ಏದುಸಿರಿನಲ್ಲಿ. "ತನಗೆ ತಾನೇ ಬುದ್ಧಿ ಏಳ್ಕೊಂಡು ನಿಂತದೆ ಕಣಮ್ಮ."

ಸಿದ್ದಗಂಗಮ್ಮ ನಗುತ್ತಿದ್ದಳು. ಎಷ್ಟು ವರ್ಷದ ಮೇಲೆ ಹಾಗೆ ನಕ್ಕಿದ್ದೆಂದು ಅವಳಿಗೇ ನೆನಪಾಗಲಿಲ್ಲ.

ಹೊನ್ನಕ್ಕ ಮರಳಿನ ಮೇಲೆ ಗಂಟು ಬಿಚ್ಚಿದಳು. ಕಂಬಳಿಯ ಒಳಗಿನಿಂದ ಒಂದು ಜೊತೆ ಚಿಕ್ಕ ಮೊರ ಹೊರಗೆ ಬಂತು. ಅರಿಶಿನ, ಕುಂಕುಮ, ಹಸಿರು ಬಳೆ, ಕಣ, ತೊಗರಿಬೇಳೆ, ಬೆಲ್ಲದ ಅಚ್ಚು. ತುಂಬಿದ ನೀರಿನ ಹತ್ತಿರ ಬರಿಗೈಯಲ್ಲಿ ಹೋಗಬಾರದೆಂದು ಊರಿನಿಂದಲೇ ಹೊತ್ತು ತಂದಿದ್ದಳು. ಮೊರ ಮುಚ್ಚಿ, ದಾರ ಸುತ್ತಿ, ಸಿದ್ದಗಂಗಮ್ಮನ ಮುಂದೆ ಹಿಡಿದಳು.

"ಬುಡಿ."

"ನೀನು ಬಿಡು ಹೊನ್ನಕ್ಕ. ನಾನು ಬಿಡಬಾರದು."

"ಯಾರಂದ್ರು?"

"ಯಾರು ಅಂದರೆ, ಎಲ್ಲಾರೂ."

"ಈ ನೀರಿಗೆ ನಿಮ್ಮಣ್ಣಾರ ಗುರ್ತು ಐತಾ?"

ಸಿದ್ದಗಂಗಮ್ಮ ಮೊರ ತೆಗೆದುಕೊಂಡಳು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಕೆರೆಯಲ್ಲಿ ಬಿಡುವುದನ್ನು ದೂರದಿಂದ ನೋಡಿದ್ದ ಹಾಗೆಯೇ, ಬಗ್ಗಿ ನೀರಿನ ಮೇಲೆ ಇಟ್ಟಳು. ಬಾಗಿನ ಎರಡು ಮಾರು ಹೋಯಿತು. ಹಿಂದಿನಿಂದ ಬಂದ ಅಲೆ ಅದನ್ನು ಎತ್ತಿಕೊಂಡು ಬಂದು ಅವಳ ಕಾಲಿಗೇ ಹಾಕಿತು. ಮತ್ತೆ ಇಟ್ಟಳು. ಮತ್ತೆ ವಾಪಸು ಬಂತು.

ಕೆರೆ ಯಾವತ್ತೂ ಬಾಗಿನ ಹಿಂದಕ್ಕೆ ಕೊಡುವುದಿಲ್ಲ. ಹೊನ್ನಕ್ಕನ ಮುಖ ಸಣ್ಣಗಾಯಿತು. ಊರಲ್ಲಿ ಇಪ್ಪತ್ತೆರಡು ವರ್ಷ ಕೇಳಿದ ಮಾತೆಲ್ಲ ಸಿದ್ದಗಂಗಮ್ಮನ ಕಿವಿಯಲ್ಲಿತ್ತು. ಗಂಗಮ್ಮ ಮುಟ್ಟುವುದಿಲ್ಲ. ನೋಡು, ಮುಟ್ಟಲಿಲ್ಲ.

ಅವಳು ಬಾಗಿನವನ್ನು ಎದೆಗೆ ಅವಚಿಕೊಂಡು ನಿಂತು ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. ನೊರೆಯ ಸಾಲಿನ ಈಚೆಗೆ ಬಿದ್ದದ್ದೆಲ್ಲ ದಡಕ್ಕೆ ಬರುತ್ತಿತ್ತು: ಕಡ್ಡಿ, ಪಾಚಿ, ಒಡೆದ ಬುಟ್ಟಿ. ಅದರಾಚೆ ಒಂದು ತೆಂಗಿನ ಸೋಗೆ ತೇಲುತ್ತಿತ್ತು. ಅದು ಏಳುತ್ತಿತ್ತು, ಇಳಿಯುತ್ತಿತ್ತು, ಈಚೆಗೆ ಬರುತ್ತಿರಲಿಲ್ಲ. ಗಂಗಮ್ಮನಿಗೆ ತಾನು ವಿಧವೆ ಎಂಬುದು ಗೊತ್ತಾಗಿದ್ದರೆ ಒಡೆದ ಬುಟ್ಟಿಯದು ಏನು ತಪ್ಪು?

ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿದಳು. ಕರಡಿಗೆಯನ್ನು ಎಡಗೈಯ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಬಾಗಿನವನ್ನು ಬಲಗೈಯಲ್ಲಿ ತಲೆಯ ಮೇಲೆ ಎತ್ತಿಕೊಂಡು ನೀರಿಗೆ ಇಳಿದಳು.

"ಅಮ್ಮಾರೆ, ಲಿಂಗ ಓಯ್ತದೆ," ಎಂದು ಹೊನ್ನಕ್ಕ ಹಿಂದಿನಿಂದ ಕೂಗಿದಳು. ಮುದುಕ ಬೆಸ್ತ ಬಲೆ ಬಿಟ್ಟು ಎದ್ದು ನಿಂತ.

ಮೊಣಕಾಲು. ತೊಡೆ. ಒಂದು ಅಲೆ ಸೊಂಟಕ್ಕೆ ಹೊಡೆದು ಅವಳನ್ನು ಅರ್ಧ ತಿರುಗಿಸಿತು. ಕಣ್ಣು, ಮೂಗು, ಬಾಯಿ ಎಲ್ಲ ಉಪ್ಪು. ನೀರು ಉಪ್ಪು ಎಂದು ಹದಿನಾರು ವರ್ಷ ಹೇಳಿದ್ದಳಲ್ಲ. ಹೇಳಿದ್ದು ಕಡಿಮೆಯಾಯಿತು ಎನ್ನಿಸಿತು. ಮುಷ್ಟಿ ಬಿಡಲಿಲ್ಲ. ಮುಂದಿನ ಅಲೆ ಮುರಿಯುವ ಮೊದಲೇ ಎರಡು ಹೆಜ್ಜೆ ಮುಂದಿಟ್ಟು, ಅದು ಎತ್ತಿದಾಗ ತಾನೂ ಎದ್ದು, ಅದರ ಬೆನ್ನಿನಾಚೆಗೆ ಬಾಗಿನವನ್ನು ಬಿಟ್ಟಳು. ತಳ್ಳಿದಳು ಎಂದರೂ ಸರಿಯೇ.

ಈಚೆಗೆ ಬಂದು ಮರಳಿನ ಮೇಲೆ ಕುಸಿದು ನೋಡಿದಾಗ ಮೊರ ದೂರದಲ್ಲಿ ಏಳುತ್ತ ಇಳಿಯುತ್ತ ಹೋಗುತ್ತಿತ್ತು. ಅದರ ಹಿಂದೆ ಸೂರ್ಯ ನೀರಿನಿಂದ ಮೇಲಕ್ಕೆ ಬರುತ್ತಿದ್ದ. ಹೊನ್ನಕ್ಕ ಕಂಬಳಿ ಹೊದಿಸಿದಳು. ಸಿದ್ದಗಂಗಮ್ಮ ಮುಷ್ಟಿ ಬಿಚ್ಚಿದಳು. ಕರಡಿಗೆಯ ಅಚ್ಚು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಮುಚ್ಚಳ ತೆಗೆದು ಲಿಂಗವನ್ನು ಅದೇ ಅಂಗೈಯ ಮೇಲಿಟ್ಟುಕೊಂಡು, ಒದ್ದೆ ಮೈಯಲ್ಲೇ, ದಿನದ ಪೂಜೆಗೆ ಕೂತಳು. ಹೂವಿರಲಿಲ್ಲ, ಪತ್ರೆಯಿರಲಿಲ್ಲ. ಎದುರಿಗೆ ಸಮುದ್ರವಿತ್ತು.

ಅವರು ಮಧುಗಿರಿಗೆ ಹಿಂದಿರುಗುವ ಹೊತ್ತಿಗೆ ಗೋಕರ್ಣದವರೂ ಬಂದಿದ್ದರು. ಯಾತ್ರೆ ಮುಗಿಸಿ ಬಂದವರ ಮನೆಯಲ್ಲಿ ಅಯ್ಯನವರ ಪಾದಪೂಜೆ ಮಾಡಿ ಊಟಕ್ಕೆ ಹಾಕುವುದು ರೂಢಿ. ಸಿದ್ದಗಂಗಮ್ಮ ಬಾಗಿಲಿಗೆ ಬಂದಾಗ ಪಂಕ್ತಿಗೆ ಮುತ್ತುಗದ ಎಲೆ ಹಾಸಿ ಆಗಿತ್ತು. ಶಂಕರಲಿಂಗಪ್ಪ ತಂಗಿಯ ಮುಖ ನೋಡಿದ. ಎಲೆಗಳ ಸಾಲಿನ ಕಡೆ ನೋಡಿದ. ತನ್ನ ಜಾಗದಲ್ಲಿ ಕೂತ. ಅವಳಿಗೆ ಎಲೆ ಇರಲಿಲ್ಲ. ಅವಳು ಕೈಯ ಚೀಲವನ್ನು ಕೆಳಗಿಡದೆ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಬೇಡಿಕೊಳ್ಳುವುದೂ ಬೇಡ, ತಿರುಗಿ ಹೋಗುವುದೂ ಬೇಡ ಎಂದು ದಾರಿಯಲ್ಲೇ ತೀರ್ಮಾನಿಸಿದ್ದಳು.

ಅಡುಗೆಮನೆಯಿಂದ ಸರ್ವಮಂಗಳಾ ಹೊರಗೆ ಬಂದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಬಲಗೈಯ ಮಣಿಕಟ್ಟಿಗೆ ಗಂಜಿ ಸುಟ್ಟ ಗಾಯ. ಅದಕ್ಕೆ ಎಣ್ಣೆ ಹಚ್ಚಿದ ಬಟ್ಟೆ.

"ಗೋಕರ್ಣ ಹೇಗಿತ್ತು ಅತ್ತಿಗೆ?" ಎಂದಳು ಸಿದ್ದಗಂಗಮ್ಮ.

ಸರ್ವಮಂಗಳಾ ಗಂಡನ ಕಡೆ ನೋಡಲಿಲ್ಲ. "ನನಗೇನು ಗೊತ್ತು," ಎಂದಳು. "ಮೂರು ಒಲೆಗುಂಡು ಇದ್ದವು." ಆಮೇಲೆ ಗೂಡಿನಿಂದ ಒಂದು ಎಲೆ ತೆಗೆದು, ನೀರು ಚಿಮುಕಿಸಿ ಒರೆಸಿ, ಪಂಕ್ತಿಯ ಕೊನೆಗೆ ಹಾಕಿ, ಅದರ ಮುಂದೆ ಮಣೆ ಇಟ್ಟಳು. "ಕೂತ್ಕೋ. ಬಡಿಸೋದು ನಾನು."

ಎಲೆ ತೆಗೆಯಿರಿ ಎಂದು ಶಂಕರಲಿಂಗಪ್ಪ ಅಯ್ಯನವರಿಂದಲೇ ಹೇಳಿಸಲು ನೋಡಿದ. ಅಯ್ಯನವರು ಸಿದ್ದಗಂಗಮ್ಮನಿಗೆ ಒಂದೇ ಪ್ರಶ್ನೆ ಕೇಳಿದರು. ಅವಳು ಒಂದೇ ಮಾತಿನ ಉತ್ತರ ಕೊಟ್ಟಳು. ಊಟ ಮುಗಿಸಿ ಕೈತೊಳೆಯುವಾಗ ಅವರು ಶಂಕರಲಿಂಗಪ್ಪನಿಗೆ ಹೇಳಿದರು: "ಈ ಎಲೆ ತೆಗೆಸೋ ಶಾಸ್ತ್ರ ನನ್ನ ಹತ್ತಿರ ಇಲ್ಲ ಕಣಪ್ಪ. ನಾನೇ ಹೇಳಿಕೊಟ್ಟಿದ್ದನ್ನ ಅವಳು ಹೇಳಿದಳು."

ಸಿದ್ದಗಂಗಮ್ಮ ಆ ಎಲೆಯನ್ನು ನಂಬಿಕೊಂಡು ಇರಲಿಲ್ಲ. ಮರುವರ್ಷ ಶಾಲೆಯ ಪಕ್ಕದಲ್ಲೇ ತಿಮ್ಮರಾಯಪ್ಪನ ಮನೆಯ ಎರಡು ಅಂಕಣ ಬಾಡಿಗೆಗೆ ಹಿಡಿದಳು. ಅಣ್ಣನ ಮನೆಗೆ ಹಬ್ಬಕ್ಕೆ ಹೋಗುತ್ತಿದ್ದಳು. ಕರೆದರೆ ಊಟ ಮಾಡುತ್ತಿದ್ದಳು. ಅಡುಗೆಮನೆಗೆ ಮನಸ್ಸಿದ್ದರೆ ಮಾತ್ರ. ಕೆರೆ ಕೋಡಿ ಬಿದ್ದ ವರ್ಷ ಏರಿಯ ಮೇಲಿನಿಂದ ಇಳಿದು ಬಂದು ತನ್ನ ಕೈಯಾರೆ ಬಾಗಿನ ಬಿಟ್ಟಳು. ಕೆಲವರು ಗೊಣಗಿದರು. "ಇದಕ್ಕಿಂತ ದೊಡ್ಡ ನೀರೇ ತಗೊಂಡಿದೆ," ಎಂದಳು. ಆಮೇಲಿನ ಒಂದು ಬೇಸಿಗೆಯಲ್ಲಿ ಗೋಕರ್ಣಕ್ಕೂ ಹೋದಳು, ಸರ್ವಮಂಗಳಾ ಜೊತೆಗಿದ್ದಳು. ಇಬ್ಬರೂ ಒಲೆ ಹೂಡದೆ ಅವಲಕ್ಕಿ ತಿಂದುಕೊಂಡು, ಸೂರ್ಯ ಮುಳುಗುವ ತನಕ ಮರಳಿನಲ್ಲಿ ಕೂತಿದ್ದು ಬಂದರು. ಶಾಲೆಯ ನಕ್ಷೆಗೆ ಹೊನ್ನಕ್ಕ ಬಟ್ಟೆಗೆ ಹಾಕುವ ನೀಲಿ ತಂದುಕೊಟ್ಟಳು, ಸಿದ್ದಗಂಗಮ್ಮ ಎರಡು ಕಡೆಗೂ ಬಳಿದಳು. ಪಾಠ ಮಾಡುವಾಗ ದನಿ ಗಟ್ಟಿ ಮಾಡುವುದು ತಾನಾಗಿಯೇ ನಿಂತುಹೋಗಿತ್ತು.

ಆದರೆ ಅಂದು, ಆ ಪಂಕ್ತಿಯಲ್ಲಿ, ಇದು ಯಾವುದೂ ಇನ್ನೂ ಆಗಿರಲಿಲ್ಲ. ಬಡಿಸಿದ ಅನ್ನ ಎಲೆಯ ಮೇಲೆ ಆರುತ್ತಿತ್ತು. ಅಯ್ಯನವರು ಕೈ ಇಡದ ಹೊರತು ಯಾರೂ ತುತ್ತು ಎತ್ತುವ ಹಾಗಿರಲಿಲ್ಲ. ಅವರು ಮೊದಲು ಶಂಕರಲಿಂಗಪ್ಪನನ್ನು, ಯಾತ್ರೆಯಲ್ಲಿ ಎಷ್ಟು ಲಿಂಗದ ದರ್ಶನವಾಯಿತು ಎಂದು ಕೇಳಿದರು. ಅವನು ಬೆರಳು ಮಡಿಸುತ್ತ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಸೆಜ್ಜೇಶ್ವರ ಎಂದು ಹೇಳಿ, "ಐದು," ಎಂದು ಎದೆಯುಬ್ಬಿಸಿದ.

ಅಯ್ಯನವರು ಪಂಕ್ತಿಯ ಕೊನೆಗೆ ತಿರುಗಿದರು.

"ನೀನು ಹೇಳು ತಾಯಿ. ಮದ್ರಾಸಿನಲ್ಲಿ ಎಷ್ಟು ಲಿಂಗ ನೋಡಿದೆ?"

ಸಿದ್ದಗಂಗಮ್ಮ ಎಡಗೈಯನ್ನು ಎದೆಯ ಮೇಲಿನ ಕರಡಿಗೆಯ ಮೇಲಿಟ್ಟಳು. ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ ಮಗ್ಗಿ ಹೇಳಿಕೊಡುವ ಅದೇ ನಿಧಾನದ, ಸ್ಪಷ್ಟವಾದ ದನಿಯಲ್ಲಿ ಹೇಳಿದಳು:

"ಒಂದು."